ಇಂಟರ್‌ನೆಟ್ ಕಂಪನಿ ಬದಲಾದರೂ ಬದಲಾಗದ ಮೇಲ್ ಐಡಿ: ನನ್ನ ಅನುಭವ

ಮೇಲ್ ಐಡಿಯಲ್ಲಿ @ ಗುರುತಿನ ಎಡಕ್ಕೆ ನಮ್ಮ ಹೆಸರಿರುತ್ತದೆ. ಬಲಕ್ಕೆ ಯಾರ ಹೆಸರಿದೆಯೋ, ಐಡಿ ನಿಜಕ್ಕೂ ಅವರದ್ದು. ಅಲ್ಲಿ ಇಂಟರ್‌ನೆಟ್ ಕೊಡುವ ಕಂಪನಿಯ ಹೆಸರಿದ್ದರೆ, ಬಿಲ್ ಕಟ್ಟುತ್ತಿರುವ ತನಕ ಮಾತ್ರ ಆ ಐಡಿ ನಮ್ಮ ಕೈಯಲ್ಲಿರುತ್ತದೆ. ಮೊಬೈಲ್ ನಂಬರ್‌ಗೆ ಈ ತೊಂದರೆ ಇಲ್ಲ. 2011ರ ಜನವರಿ 20ರಿಂದ ದೇಶದ ಎಲ್ಲ ಕಡೆ ನಂಬರ್ ಪೋರ್ಟ್ ಮಾಡಿಸಿಕೊಳ್ಳಬಹುದು. ಕಂಪನಿ ಬಿಟ್ಟರೂ ನಂಬರ್ ನಮ್ಮ ಜೊತೆಗೇ ಬರುತ್ತದೆ. ಮೇಲ್ ಐಡಿಗೆ ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ.

ನಾನು ಶಿವಮೊಗ್ಗದಲ್ಲಿ ತೆರಿಗೆ ಸಲಹೆಗಾರ. ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ಕೆಲಸ. ನನ್ನ ಹತ್ತಿರ ಬರುವವರಲ್ಲಿ ಅಡಿಕೆ ಮಂಡಿಯವರು, ಸಣ್ಣ ಅಂಗಡಿಯವರು, ನಿವೃತ್ತ ಮೇಷ್ಟ್ರುಗಳು ಜಾಸ್ತಿ. 2020ರಲ್ಲಿ ಫೇಸ್‌ಲೆಸ್ ಅಸೆಸ್‌ಮೆಂಟ್ ಶುರುವಾದ ಮೇಲೆ ಮುಖಾಮುಖಿ ವಿಚಾರಣೆ ತೀರಾ ಕಡಿಮೆಯಾಗಿದೆ. ನೋಟಿಸು ಪೋರ್ಟಲ್‌ನಲ್ಲಿ ಬರುತ್ತದೆ, ಮೇಲ್‌ಗೆ ಬರುತ್ತದೆ. ಉತ್ತರ ಕೊಡಲು ಗಡುವು ಇರುತ್ತದೆ. ಮೇಲ್ ತಲುಪದೆ ಗಡುವು ದಾಟಿದರೆ ನಮ್ಮ ಮಾತು ಕೇಳದೆಯೇ ಆದೇಶ ಆಗಬಹುದು. ಆದ್ದರಿಂದ ನನ್ನ ಕೆಲಸದಲ್ಲಿ ಮೇಲ್ ಐಡಿ ಅನ್ನುವುದು ಅಂಗಡಿಯ ಬಾಗಿಲಿನಷ್ಟೇ ಮುಖ್ಯ.

ಬ್ರಾಡ್‌ಬ್ಯಾಂಡ್ ಹಾಕಿಸಿದಾಗ ಕಂಪನಿಯವರೇ ಒಂದು ಮೇಲ್ ಐಡಿ ಕೊಟ್ಟಿದ್ದರು. ಆ ಕಾಲಕ್ಕೆ ಅದೇ ರೂಢಿ. ಕೆಲಸಕ್ಕೆ ಬಳಸುವ ಐಡಿ ಅಂದರೆ ಕನೆಕ್ಷನ್ ಜೊತೆ ಬಂದಿದ್ದು ಅಂತಲೇ ಎಲ್ಲರ ಲೆಕ್ಕ. ವಿಸಿಟಿಂಗ್ ಕಾರ್ಡ್, ಲೆಟರ್‌ಹೆಡ್, ಬ್ಯಾಂಕು, ಪ್ಯಾನ್, ಎಲ್ಲ ಕಡೆ ಅದನ್ನೇ ಕೊಟ್ಟಿದ್ದೆ. ಆಮೇಲೆ ನಮ್ಮ ಬೀದಿಗೆ ಬೇರೆ ಕಂಪನಿಯ ಫೈಬರ್ ಬಂತು. ಹಳೆಯ ತಾಮ್ರದ ಲೈನ್ ಮಳೆಗಾಲದಲ್ಲಿ ಪದೇಪದೇ ಕೈಕೊಡುತ್ತಿತ್ತು. ಬದಲಾಯಿಸೋಣ ಅಂತ ಹಳೆಯ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ.

"ಕನೆಕ್ಷನ್ ಸರೆಂಡರ್ ಮಾಡಿದ್ರೆ ಮೇಲ್ ಐಡಿನೂ ಕ್ಲೋಸ್ ಆಗುತ್ತೆ ಸರ್."

"ಸ್ವಲ್ಪ ದಿನ ಹೊಸ ಐಡಿಗೆ ಫಾರ್ವರ್ಡ್ ಮಾಡಿಕೊಡೋಕೆ ಆಗಲ್ವಾ?"

"ಆ ಥರ ಆಪ್ಷನ್ ಇಲ್ಲ ಸರ್."

ಆ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆದರೆ ವರ್ಷಗಟ್ಟಲೆ ಬಳಸಿದ ವಿಳಾಸವನ್ನು ಬಿಲ್ಲಿನ ಜೊತೆ ಕಟ್ಟಿಹಾಕುವುದು ಗ್ರಾಹಕರಿಗೆ ಮಾಡುವ ಅನ್ಯಾಯ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಕನೆಕ್ಷನ್ ಬಿಡದೆ ಇದ್ದವರಿಗೂ ಇದು ತಪ್ಪುವುದಿಲ್ಲ. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಡಲು ಶುರುಮಾಡಿತು. ಹಳಬರ ಕಾರ್ಡುಗಳಲ್ಲಿ ಆ ಹೆಸರಿನ ಮೇಲ್ ಐಡಿ ಈಗಲೂ ಸಿಗುತ್ತದೆ. 2002ರಲ್ಲಿ ಆ ಸಂಸ್ಥೆ ಟಾಟಾ ಗುಂಪಿನ ಕೈಗೆ ಹೋಯಿತು. 2008ರಲ್ಲಿ ಹೆಸರೂ ಟಾಟಾ ಕಮ್ಯುನಿಕೇಷನ್ಸ್ ಆಯಿತು. ಅಮೆರಿಕದಲ್ಲಿ ವೆರಿಝಾನ್ 2017ರಲ್ಲಿ ಇಮೇಲ್ ವ್ಯವಹಾರವನ್ನೇ ಕೈಬಿಟ್ಟಿತು. ಹಳೆಯ ಐಡಿ ಉಳಿಸಿಕೊಳ್ಳಬೇಕು ಅನ್ನುವವರು ಎಒಎಲ್‌ಗೆ ಹೋಗಬೇಕಾಯಿತು. ಇಂಟರ್‌ನೆಟ್ ಕಂಪನಿಗೆ ಮೇಲ್ ಅನ್ನುವುದು ಪಕ್ಕದ ಕೆಲಸ. ಖರ್ಚು ಜಾಸ್ತಿ ಅನ್ನಿಸಿದ ದಿನ ಮೊದಲು ಕತ್ತರಿ ಬೀಳುವುದು ಅದಕ್ಕೇ.

ನನ್ನ ಮುಂದೆ ಎರಡು ದಾರಿ ಇತ್ತು. ಒಂದು, ಜಿಮೇಲ್, ಔಟ್‌ಲುಕ್ ಥರದ ಉಚಿತ ಐಡಿ. ಎರಡನೆಯದು, ನನ್ನದೇ ಡೊಮೇನ್ ಹೆಸರು, ಅಂದರೆ @ ಗುರುತಿನ ಬಲಕ್ಕೆ ಬರುವ ಹೆಸರು, ಕೊಂಡು ಅದರಲ್ಲಿ ಐಡಿ ಮಾಡಿಕೊಳ್ಳುವುದು. ಮನೆ ಮಟ್ಟಿಗೆ ಬಳಸುವವರಿಗೆ ಮೊದಲನೆಯದು ಸಾಕು ಅಂತ ನನ್ನ ಅಭಿಪ್ರಾಯ. ಯಾವ ಕಂಪನಿಯ ಇಂಟರ್‌ನೆಟ್ ಇದ್ದರೂ ಅದು ನಡೆಯುತ್ತದೆ. ಒಂದು ವಿಷಯ ಮಾತ್ರ ನೆನಪಿರಲಿ. ಎರಡು ವರ್ಷ ಒಮ್ಮೆಯೂ ತೆರೆಯದ ಖಾತೆಯನ್ನು ಅಳಿಸಬಹುದು ಅನ್ನುವ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ಅಮ್ಮನಿಗೋ ಅಜ್ಜನಿಗೋ ಮಾಡಿಕೊಟ್ಟ ಐಡಿ ಇದ್ದರೆ ಆಗಾಗ ಲಾಗಿನ್ ಆಗಿ ನೋಡಿ.

ನಾನು ಎರಡನೆಯ ದಾರಿ ಹಿಡಿದೆ. ಜಿಮೇಲ್‌ನಲ್ಲೂ @ ಗುರುತಿನ ಬಲಕ್ಕೆ ಇರುವುದು ಬೇರೆಯವರ ಹೆಸರೇ ಅಲ್ವಾ? ಏನೋ ಕಾರಣಕ್ಕೆ ಖಾತೆ ಲಾಕ್ ಆದರೆ ನನ್ನ ಕ್ಲೈಂಟ್‌ಗಳ ನೋಟಿಸು ಒಳಗೇ ಉಳಿಯುತ್ತದೆ. ಸ್ವಂತ ಡೊಮೇನ್ ಇದ್ದರೆ ಹೆಸರು ಒಂದು ಕಡೆ, ಮೇಲ್ ಬಂದು ಬೀಳುವ ಡಬ್ಬಿ ಇನ್ನೊಂದು ಕಡೆ. ಯಾರಾದರೂ ನನಗೆ ಮೇಲ್ ಕಳಿಸಿದಾಗ ಅವರ ಸರ್ವರ್ ಮೊದಲು ಡಿಎನ್‌ಎಸ್ ಅನ್ನುವ ಇಂಟರ್‌ನೆಟ್‌ನ ವಿಳಾಸ ಪುಸ್ತಕದಲ್ಲಿ ಕೇಳುತ್ತದೆ, ಈ ಡೊಮೇನಿನ ಮೇಲ್ ಯಾರು ತೆಗೆದುಕೊಳ್ಳುತ್ತಾರೆ ಅಂತ. ಅದಕ್ಕೆ ಉತ್ತರ ಹೇಳುವ ಸಾಲಿಗೆ ಎಂಎಕ್ಸ್ ರೆಕಾರ್ಡ್ ಎನ್ನುತ್ತಾರೆ. ಆ ಸಾಲು ನನ್ನ ಕೈಯಲ್ಲಿದೆ. ಡಬ್ಬಿ ಕೊಡುವ ಕಂಪನಿ ಸರಿ ಇಲ್ಲದಿದ್ದರೆ ಸಾಲು ಬದಲಾಯಿಸಿ ಇನ್ನೊಂದು ಕಡೆ ಹೋಗಬಹುದು. ವಿಳಾಸ ಹಾಗೇ ಇರುತ್ತದೆ.

ಹೆಸರು ಆರಿಸುವುದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಂಡೆ, ಅದಕ್ಕೆ ಕಾರಣ ಇದೆ. ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಥರ ಬರೆಯುವವರು ಕಡಿಮೆ. ಗೀತಾ ಅಂತ ಬರೆಯಲು ನಮ್ಮ ಕಡೆ ಟಿ ಆದ ಮೇಲೆ ಎಚ್ ಹಾಕುತ್ತಾರೆ, ಉತ್ತರದವರು ಹಾಕುವುದಿಲ್ಲ. ಲಕ್ಷ್ಮಿಗೆ ಕೆಲವರು ಕೆ ಎಸ್ ಎಚ್ ಬರೆದರೆ ಕೆಲವರು ಎಕ್ಸ್ ಬರೆಯುತ್ತಾರೆ. ಶ್ರೀ ಅನ್ನುವುದಕ್ಕಂತೂ ಮೂರ್ನಾಲ್ಕು ರೂಪ. ಫೋನಿನಲ್ಲಿ ಐಡಿ ಹೇಳಿದರೆ ಆ ಕಡೆ ಇರುವವರು ತಮಗೆ ಅಭ್ಯಾಸವಿರುವ ಹಾಗೆ ಬರೆದುಕೊಳ್ಳುತ್ತಾರೆ. ಒಂದು ಅಕ್ಷರ ತಪ್ಪಿದರೂ ಮೇಲ್ ಬರುವುದಿಲ್ಲ. ಬೇರೆಯವರಿಗೆ ಹೋಗಿಬಿಟ್ಟರೆ ಇನ್ನೂ ಕಷ್ಟ.

ಅದಕ್ಕೇ ಪಟ್ಟಿ ಮಾಡಿದ ಹೆಸರುಗಳನ್ನು ಮಗಳಿಗೆ ಫೋನಿನಲ್ಲಿ ಹೇಳಿ ಬರೆದುಕೊಳ್ಳಲು ಕೇಳಿದೆ. ಅಕ್ಷರ ಬಿಡಿಸಿ ಹೇಳದೆಯೇ ಅವಳು ಸರಿಯಾಗಿ ಬರೆದ ಹೆಸರುಗಳನ್ನು ಮಾತ್ರ ಉಳಿಸಿಕೊಂಡೆ. ಅಂಡರ್‌ಸ್ಕೋರ್ ಬೇಡ ಅಂದುಕೊಂಡೆ, ಯಾಕೆಂದರೆ ಕೌಂಟರ್‌ನಲ್ಲಿ ಕೂತವರು ಅದನ್ನು ಅಡ್ಡಗೆರೆ ಅಂತ ತಿಳಿದು ಹೈಫನ್ ಹಾಕುತ್ತಾರೆ. ಹುಟ್ಟಿದ ವರ್ಷ ಬೇಡ. ಎಷ್ಟೋ ಬ್ಯಾಂಕಿನ ಪಿಡಿಎಫ್‌ಗಳಿಗೆ ಹುಟ್ಟಿದ ತಾರೀಖೇ ಪಾಸ್‌ವರ್ಡ್‌ನ ಭಾಗವಾಗಿರುತ್ತದೆ. ಅದನ್ನು ವಿಳಾಸದಲ್ಲೇ ಎಲ್ಲರಿಗೂ ಹಂಚುವುದು ಯಾಕೆ? ಊರಿನ ಹೆಸರೂ ಬೇಡ, ನಾಳೆ ಊರು ಬಿಡಬೇಕಾಗಬಹುದು. ಕೊನೆಗೆ ಇನಿಷಿಯಲ್ ಬಿಟ್ಟು, ನಮ್ಮ ಮನೆತನದ ಚಿಕ್ಕ ಹೆಸರನ್ನೇ ಡೊಮೇನ್ ಮಾಡಿದೆ. ಇದರಿಂದ ಅಮ್ಮನಿಗೆ, ಮಗಳಿಗೆ ಅದರಲ್ಲೇ ಬೇರೆ ಬೇರೆ ಐಡಿ ಮಾಡಿಕೊಡಲು ಆಯಿತು.

ಡಾಟ್ ಕಾಂ ಬೇಕೋ ಡಾಟ್ ಇನ್ ಬೇಕೋ ಅಂತ ಸ್ವಲ್ಪ ಯೋಚಿಸಿದೆ. ಡಾಟ್ ಇನ್ ಅಂದರೆ ಕೆಲವರು ರೂಢಿಯಿಂದ ಡಾಟ್ ಸಿಒ ಡಾಟ್ ಇನ್ ಅಂತ ಬರೆಯುತ್ತಾರೆ. ಆದರೂ ನನ್ನ ವ್ಯವಹಾರವೆಲ್ಲ ಇಲ್ಲಿಯದೇ ಆದ್ದರಿಂದ ಡಾಟ್ ಇನ್ ತೆಗೆದುಕೊಂಡೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಡೊಮೇನ್ ಕೂಡ ಸಿಗುತ್ತದೆ. ನನಗೆ ಅದರ ಮೇಲೆ ತುಂಬಾ ಆಸೆ ಇತ್ತು. ಆದರೆ ಕನ್ನಡ ಅಕ್ಷರದ ಮೇಲ್ ಐಡಿ ಹಾಕಿದರೆ ಎಷ್ಟೋ ಫಾರ್ಮ್‌ಗಳು ತಪ್ಪು ವಿಳಾಸ ಅಂತ ತಳ್ಳಿಹಾಕುತ್ತವೆ. ಈ ಸ್ಥಿತಿ ಬದಲಾಗಬೇಕು. ಡೊಮೇನ್ ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿ ದರ ನೋಡಿ ಮರುಳಾಗಬೇಡಿ, ರಿನ್ಯೂವಲ್ ದರ ನೋಡಿ. ಒಟ್ಟಿಗೆ ಹತ್ತು ವರ್ಷದವರೆಗೂ ಕಟ್ಟಬಹುದು.

ಮೇಲ್ ಡಬ್ಬಿಯನ್ನು ಡೊಮೇನ್ ಮಾರಿದವರ ಹತ್ತಿರ ತೆಗೆದುಕೊಳ್ಳಲಿಲ್ಲ. ಬೇಕಂತಲೇ ಬೇರೆ ಕಡೆ ಇಟ್ಟೆ. ನಮ್ಮ ದೇಶದ ಜೊಹೊ, ಸ್ವಿಟ್ಜರ್‌ಲೆಂಡಿನ ಪ್ರೋಟಾನ್, ಆಸ್ಟ್ರೇಲಿಯಾದ ಫಾಸ್ಟ್‌ಮೇಲ್, ಗೂಗಲ್, ಮೈಕ್ರೋಸಾಫ್ಟ್ ಇವರೆಲ್ಲ ಸ್ವಂತ ಡೊಮೇನಿಗೆ ಡಬ್ಬಿ ಕೊಡುತ್ತಾರೆ. ನಾನು ನೋಡಿದ್ದು ಮುಖ್ಯವಾಗಿ ಐಮ್ಯಾಪ್ ಸೌಲಭ್ಯ ಇದೆಯೇ ಅಂತ. ಅದಿದ್ದರೆ ನಾಳೆ ಎಲ್ಲ ಮೇಲ್‌ಗಳನ್ನೂ ಸುಲಭವಾಗಿ ಹೊರಗೆ ತರಬಹುದು. ಮನೆಯಲ್ಲೇ ಸರ್ವರ್ ಇಡು ಅಂತ ಒಬ್ಬ ಗೆಳೆಯ ಹೇಳಿದ. ಮನೆಯ ಕನೆಕ್ಷನ್‌ನಿಂದ ನೇರವಾಗಿ ಹೊರಟ ಮೇಲ್ ಬಹುತೇಕ ಸ್ಪ್ಯಾಮ್‌ಗೆ ಬೀಳುತ್ತದೆ. ಅದು ನನಗೆ ಬೇಡವಾಗಿತ್ತು.

ಎಂಎಕ್ಸ್ ಜೊತೆಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ ಮೂರು ಸಾಲುಗಳನ್ನೂ ಡಿಎನ್‌ಎಸ್‌ನಲ್ಲಿ ಹಾಕಬೇಕು. ಈ ಮೇಲ್ ನಿಜವಾಗಿ ಈ ಡೊಮೇನಿನಿಂದಲೇ ಹೊರಟಿದ್ದು ಅಂತ ಪಡೆಯುವವರು ಪರೀಕ್ಷಿಸುವುದು ಇವುಗಳ ಮೂಲಕ. ಎಸ್‌ಪಿಎಫ್ ಅಥವಾ ಡಿಕಿಮ್ ಎರಡರಲ್ಲಿ ಒಂದಾದರೂ ಇರಬೇಕು ಅಂತ ಜಿಮೇಲ್ 2024ರ ಫೆಬ್ರವರಿಯಿಂದ ಕಡ್ಡಾಯ ಮಾಡಿದೆ. ಡಬ್ಬಿ ಕೊಡುವವರೇ ಸಾಲುಗಳನ್ನು ಬರೆದು ಕೊಡುತ್ತಾರೆ, ನಾವು ಅಂಟಿಸಿದರೆ ಆಯಿತು.

ಹಳೆಯ ಮೇಲ್‌ಗಳನ್ನು ತರುವುದು ಅಷ್ಟೇನೂ ಕಷ್ಟವಾಗಲಿಲ್ಲ. ಥಂಡರ್‌ಬರ್ಡ್ ತಂತ್ರಾಂಶದಲ್ಲಿ ಎರಡೂ ಖಾತೆ ತೆರೆದೆ. ವರ್ಷಕ್ಕೊಂದು ಫೋಲ್ಡರ್ ಮಾಡಿ ಸ್ವಲ್ಪ ಸ್ವಲ್ಪವೇ ಎಳೆದು ಹಾಕಿದೆ. ಒಮ್ಮೆಗೇ ಎಲ್ಲ ಎಳೆದರೆ ದೊಡ್ಡ ಅಟ್ಯಾಚ್‌ಮೆಂಟ್ ಬಂದ ಕಡೆ ನಿಂತುಬಿಡುತ್ತದೆ.

ನಿಜವಾದ ಕೆಲಸ ಇರುವುದು ಎಲ್ಲ ಕಡೆ ಐಡಿ ಬದಲಾಯಿಸುವುದರಲ್ಲಿ. ಎಲ್ಲೆಲ್ಲಿ ಹಳೆಯ ಐಡಿ ಕೊಟ್ಟಿದ್ದೇನೆ ಅಂತ ಯಾರಿಗೂ ಪೂರ್ತಿ ನೆನಪಿರುವುದಿಲ್ಲ. ಹಳೆಯ ಡಬ್ಬಿಯಲ್ಲಿ ಒಟಿಪಿ, ವೆಲ್‌ಕಮ್, ಸ್ಟೇಟ್‌ಮೆಂಟ್, ಪಾಸ್‌ವರ್ಡ್ ಅನ್ನುವ ಪದಗಳನ್ನು ಹುಡುಕಿದೆ. ಬಂದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ದುಡ್ಡಿಗೆ ಸಂಬಂಧಿಸಿದ್ದು ಮೊದಲು: ಬ್ಯಾಂಕು, ಇನ್‌ಕಮ್ ಟ್ಯಾಕ್ಸ್ ಪೋರ್ಟಲ್, ಡಿಮ್ಯಾಟ್, ಪಿಎಫ್, ವಿಮೆ. ಮ್ಯೂಚುವಲ್ ಫಂಡ್‌ಗಳಿಗೆ, ಅವುಗಳ ಲೆಕ್ಕ ಇಡುವ ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಎರಡೂ ಕಡೆ ಬದಲಾಗಬೇಕು. ಜಿಎಸ್‌ಟಿಯಲ್ಲಿ ಮೇಲ್ ಐಡಿ ಬದಲಾವಣೆ ನಾನ್-ಕೋರ್ ತಿದ್ದುಪಡಿಯ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಅಧಿಕಾರಿಯ ಒಪ್ಪಿಗೆ ಕಾಯಬೇಕಿಲ್ಲ, ಒಟಿಪಿ ಹಾಕಿದರೆ ಸಾಕು. ಆಧಾರ್‌ಗೆ ನಾನು ಕೇಂದ್ರಕ್ಕೇ ಹೋಗಿ ಮಾಡಿಸಿದೆ.

ಇಲ್ಲೊಂದು ಗಂಟು ಇದೆ. ಹಲವು ಕಡೆ ಐಡಿ ಬದಲಾಯಿಸಲು ಹಳೆಯ ಐಡಿಗೇ ಒಟಿಪಿ ಕಳಿಸುತ್ತಾರೆ. ಹಳೆಯದು ಮುಚ್ಚಿಹೋಗಿದ್ದರೆ ಅರ್ಜಿ, ಗುರುತಿನ ಚೀಟಿ, ಬ್ರಾಂಚಿಗೆ ಓಡಾಟ. ಅದಕ್ಕೇ ಹೊಸ ಫೈಬರ್ ಹಾಕಿಸಿದ ಮೇಲೂ ಹಳೆಯ ಕನೆಕ್ಷನ್ ಅನ್ನು ತೀರಾ ಕಡಿಮೆ ಪ್ಲಾನಿಗೆ ಇಳಿಸಿ, ಯುಗಾದಿಯಿಂದ ಯುಗಾದಿಯವರೆಗೆ ಇಟ್ಟುಕೊಂಡೆ. ಪೂರ್ತಿ ಒಂದು ವರ್ಷ ಯಾಕೆ ಅಂದರೆ ಕೆಲವು ಮೇಲ್ ಬರುವುದೇ ವರ್ಷಕ್ಕೊಮ್ಮೆ. ವಿಮೆಯ ಕಂತಿನ ನೆನಪೋಲೆ, ಫಾರ್ಮ್ 16, ಶೇರುಗಳ ವಾರ್ಷಿಕ ವರದಿ, ಮನೆ ಕಂದಾಯ. ನನ್ನ ಪಟ್ಟಿಯಲ್ಲಿ ಇಲ್ಲದ ಎಷ್ಟೋ ಕಡೆಯ ಮೇಲ್‌ಗಳು ಮಾರ್ಚ್ ಮತ್ತು ಜುಲೈ ತಿಂಗಳಲ್ಲಿ ಬಂದವು. ಎರಡು ಬಿಲ್ ಕಟ್ಟಿದ್ದು ಸಾರ್ಥಕವಾಯಿತು.

ಹಳೆಯ ಐಡಿಯನ್ನು ಎಲ್ಲ ಕಡೆಯಿಂದ ತೆಗೆಸುವುದು ಸುರಕ್ಷತೆಗೂ ಬೇಕು. ಯಾಹೂ 2013ರಲ್ಲಿ ಬಳಕೆಯಲ್ಲಿಲ್ಲದ ಐಡಿಗಳನ್ನು ಹೊಸಬರಿಗೆ ಕೊಡಲು ಶುರುಮಾಡಿತ್ತು. ನಾವು ಬಿಟ್ಟ ವಿಳಾಸ ಇನ್ನೊಬ್ಬರಿಗೆ ಸಿಕ್ಕರೆ ನಮ್ಮ ಪಾಸ್‌ವರ್ಡ್ ಬದಲಾಯಿಸುವ ಲಿಂಕು ಅವರಿಗೆ ಹೋಗುತ್ತದೆ. ಸ್ವಂತ ಡೊಮೇನಿಗೂ ಇದೇ ಅಪಾಯ. ರಿನ್ಯೂ ಮಾಡದೆ ಬಿಟ್ಟರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಆಟೋ ರಿನ್ಯೂವಲ್ ಹಾಕಿದ್ದೇನೆ. ಆದರೂ ಕಾರ್ಡಿನ ಅವಧಿ ಮುಗಿದಾಗ ಅದು ನಿಲ್ಲುತ್ತದೆ, ಅದಕ್ಕೇ ಕ್ಯಾಲೆಂಡರ್‌ನಲ್ಲೂ ಬರೆದಿದ್ದೇನೆ. ಡೊಮೇನ್ ಮಾರಿದವರ ಹತ್ತಿರ ಇರುವ ಖಾತೆಗೆ ಅದೇ ಡೊಮೇನಿನ ಐಡಿ ಕೊಡಲಿಲ್ಲ, ಜಿಮೇಲ್ ಕೊಟ್ಟೆ. ಡೊಮೇನ್ ನಿಂತರೆ ಎಚ್ಚರಿಕೆಯ ಮೇಲ್ ಬರುವ ದಾರಿಯೂ ನಿಲ್ಲಬಾರದಲ್ಲ. ಲಾಗಿನ್ ಆಗಲು ಬೇರೆ ದಾರಿ ಇಲ್ಲದಾಗ ಬಳಸುವ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಮನೆಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ. ಎಲ್ಲಿದೆ ಅಂತ ಮನೆಯಲ್ಲಿ ಇಬ್ಬರಿಗೆ ಗೊತ್ತು.

ಆಫೀಸಿನ ಐಡಿ, ಕಾಲೇಜಿನ ಐಡಿಯೂ ಇದೇ ಸಾಲಿಗೆ ಸೇರುತ್ತವೆ. ಮಗಳ ಗೆಳತಿಯರು ಕಾಲೇಜಿನ ಐಡಿಯಲ್ಲೇ ಡಿಜಿಲಾಕರ್, ಬ್ಯಾಂಕ್ ಖಾತೆ ಎಲ್ಲ ತೆರೆದಿದ್ದರು. ಕೋರ್ಸ್ ಮುಗಿಯುವ ಮೊದಲೇ ಬದಲಾಯಿಸಿಕೊಳ್ಳಿ ಅಂತ ಕೂರಿಸಿಕೊಂಡು ಹೇಳಿದೆ. ಈಗ ಹೊಸ ಕ್ಲೈಂಟ್ ಬಂದಾಗಲೂ ನಾನು ಮೊದಲು ನೋಡುವುದು @ ಗುರುತಿನ ಬಲಭಾಗವನ್ನು.

ಕೆಲವು ವರ್ಷದ ನಂತರ ಡಬ್ಬಿ ಕೊಟ್ಟ ಕಂಪನಿ ದರ ಏರಿಸಿತು. ಬೇರೆ ಕಡೆ ಹೋಗಲು ತೀರ್ಮಾನಿಸಿದೆ. ಹಿಂದಿನ ದಿನವೇ ಡಿಎನ್‌ಎಸ್‌ನಲ್ಲಿ ಟಿಟಿಎಲ್ ಅನ್ನು, ಅಂದರೆ ಬೇರೆ ಸರ್ವರ್‌ಗಳು ಒಂದು ಸಾಲನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿದೆ. ಇದರಿಂದ ಬದಲಾವಣೆ ಬೇರೆಯವರಿಗೆ ಬೇಗ ತಿಳಿಯುತ್ತದೆ. ಸಂಜೆ ಎಂಎಕ್ಸ್ ಸಾಲು ಬದಲಾಯಿಸಿದೆ, ಎಸ್‌ಪಿಎಫ್, ಡಿಕಿಮ್ ಹೊಸದು ಹಾಕಿದೆ. ರಾತ್ರಿಯೇ ಹೊಸ ಡಬ್ಬಿಗೆ ಮೇಲ್ ಬರತೊಡಗಿತು. ಬ್ಯಾಂಕಿಗೆ ಹೇಳಬೇಕಾಗಲಿಲ್ಲ, ಕ್ಲೈಂಟ್‌ಗಳಿಗೆ ಹೇಳಬೇಕಾಗಲಿಲ್ಲ, ಪೋರ್ಟಲ್‌ಗಳಲ್ಲಿ ಏನೂ ಬದಲಾಯಿಸಬೇಕಾಗಲಿಲ್ಲ. ಹಳೆಯ ಡಬ್ಬಿಯನ್ನು ಮಾತ್ರ ಇನ್ನೊಂದು ವಾರ ತೆರೆದಿಟ್ಟಿದ್ದೆ, ಹಳೆಯ ಸಾಲನ್ನೇ ನೆನಪಿಟ್ಟುಕೊಂಡ ಸರ್ವರ್‌ಗಳ ಮೇಲ್ ಅಲ್ಲಿಗೆ ಬಂದರೆ ತೆಗೆದುಕೊಳ್ಳಲು.