ಹಿಂಡಿ ಬದಲಿಸಿದೆ, ಹಾಲು ಪಾಸಾಯ್ತು

ನಮ್ಮದು ಚಿಂತಾಮಣಿ ಕಡೆ. ಕೊಟ್ಟಿಗೆಯಲ್ಲಿ ಎಂಟು ಎಚ್‌ಎಫ್ ತಳಿಯ ಹಸು. ಹಾಲು ತಗೊಳ್ಳುತ್ತಿದ್ದ ಖಾಸಗಿಯವರು ಒಂದು ಮಳೆಗಾಲದಲ್ಲಿ ಕ್ಯಾನ್ ವಾಪಸ್ ಕಳಿಸಿದರು. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಲ್ಲ ಸರಿ ಇತ್ತು. ಬೂಷ್ಟು ಹಿಡಿದ ಹಿಂಡಿ, ಕಾಳು ತಿಂದ ಹಸುವಿನ ಹಾಲಿಗೆ ಇಳಿಯುವ ವಿಷ, ಅಫ್ಲಾಟಾಕ್ಸಿನ್ ಎಂ1, ಮಾತ್ರ 0.9 ಪಿಪಿಬಿ (ನೂರು ಕೋಟಿ ಪಾಲಿನಲ್ಲಿ ಎಷ್ಟು ಪಾಲು ಅನ್ನೋ ಲೆಕ್ಕ) ಹತ್ತಿರ. ಮಿತಿ ಇರುವುದು 0.5.

"ಕಾಯಿಸಿದ್ರೆ ಹೋಗುತ್ತೆ ಬಿಡಪ್ಪಾ" ಅಂದರು ಪಕ್ಕದ ಮನೆಯವರು. ಹೋಗಲ್ಲ. ಎಷ್ಟು ಕುದಿಸಿದರೂ ಅದು ಹಾಲಲ್ಲೇ ಇರುತ್ತೆ. ಲಿವರ್‌ಗೆ ಕೆಟ್ಟದ್ದು. ಅದೇ ಹಾಲನ್ನು ನನ್ನ ಮೊಮ್ಮಗಳು ದಿನಾ ಎರಡು ಲೋಟ ಕುಡಿಯುತ್ತಿದ್ದಳು.

ತಪ್ಪು ನನ್ನದೇ. ಅಗ್ಗಕ್ಕೆ ಸಿಕ್ಕಿತು ಅಂತ ಇಪ್ಪತ್ತು ಮೂಟೆ ಕಡಲೆಕಾಯಿ ಹಿಂಡಿ ತಂದು ಗೋಡೆಗೆ ಒತ್ತಿ ಪೇರಿಸಿದ್ದೆ. ಕೆಳಗಿನ ಮೂಟೆ ಬಿಚ್ಚಿದರೆ ಹಸಿರು ಬೂಷ್ಟು, ಮುಗ್ಗಲು ವಾಸನೆ. ಬಿಸಿಲಿಗೆ ಹರವಿ, ಉಜ್ಜಿ ಹಾಕಿದೆ. ಮತ್ತೆ ಫೇಲ್. ಬೂಷ್ಟು ಉದುರುತ್ತೆ, ವಿಷ ಉಳಿಯುತ್ತೆ. ಹಸುವಿನ ಹೊಟ್ಟೆಯಲ್ಲಿ ವಿಷ ಹಿಡಿದಿಡುವ ಪುಡಿ, ಟಾಕ್ಸಿನ್ ಬೈಂಡರ್, ತಂದು ಹಾಕಿದೆ. ಸ್ವಲ್ಪ ಇಳಿಯಿತು, ಪಾಸಾಗಲಿಲ್ಲ. ಹಿಂಡಿ, ಹಾಲು, ಟೆಸ್ಟ್ ಸೇರಿ ಎಪ್ಪತ್ತು ಸಾವಿರದಷ್ಟು ಹೋಯಿತು.

ಕೊನೆಗೆ ಉಳಿದ ಮೂಟೆಗಳನ್ನೆಲ್ಲ ತಿಪ್ಪೆಗೆ ಸುರಿದೆ. ಹುಚ್ಚು ಅಂದರು. ಹೊಸ ಹಿಂಡಿ ಹಾಕಿದ ಒಂದು ವಾರಕ್ಕೆ ಹಾಲು 0.2ಕ್ಕೆ ಬಂತು! ಈಗ ಹದಿನೈದು ದಿನಕ್ಕೆ ಆಗುವಷ್ಟೇ ತರುತ್ತೇನೆ. ಮೂಟೆ ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ.

ಹಸುವಿಗೆ ಹಾಕುವ ಮುಸುಕಿನ ಜೋಳ ಹಸಿ ಇದ್ದರೂ ಬೂಷ್ಟು ಬರುತ್ತೆ, ಅದಕ್ಕೆ ಉಪ್ಪಿನ ಟೆಸ್ಟ್. ಒಣಗಿದ ಗಾಜಿನ ಬಾಟಲಿಗೆ ಕಾಲು ಭಾಗ ಜೋಳ, ಎರಡು ಚಮಚ ಹುರಿದು ಆರಿಸಿದ ಪುಡಿ ಉಪ್ಪು ಹಾಕಿ, ಮುಚ್ಚಳ ಬಿಗಿದು ಒಂದೆರಡು ನಿಮಿಷ ಕುಲುಕಿ. ಕಾಲು ಗಂಟೆ ಬಿಟ್ಟು ನೋಡಿದರೆ ಉಪ್ಪು ಗಾಜಿಗೆ ಮೆತ್ತಿದೆಯಾ? ಜೋಳ ಇನ್ನೂ ಹಸಿ, ವಾಪಸ್ ಕಣಕ್ಕೆ. ಸಾವಿರಾರು ರೂಪಾಯಿ ಕೊಟ್ಟು ತೇವ ಅಳೆಯುವ ಮೀಟರ್ ತಂದವರೂ ಈಗ ನನ್ನ ಬಾಟಲಿ ನೋಡಲು ಬರುತ್ತಾರೆ.

ಸುಮ್ನೆ ಇರಲಾಗದೆ, ವಿಷ ಇದ್ದರೆ ಹೊಳೆಯುತ್ತಾ ಅಂತ, ನೋಟು ಪರೀಕ್ಷಿಸುವ ಯುವಿ ಟಾರ್ಚನ್ನೂ ರಾತ್ರಿ ಒಡೆದ ಜೋಳದ ಮೇಲೆ ಬಿಟ್ಟು ನೋಡಿದೆ. ಕೆಲವು ಕಾಳು ಹಸಿರು ಹಳದಿಯಾಗಿ ಹೊಳೆದವು. ನೋಡಲು ಮಜಾ, ಆದರೆ ಹೊಳೆಯದ ಕಾಳಲ್ಲೂ ವಿಷ ಇರಬಹುದು. ಟಾರ್ಚ್ ನಂಬಬೇಡಿ.

ಹಿಂಡಿ ಯಾವ ಗಾಣದಿಂದ ತರುತ್ತೇನೆ ಅಂತ ಮಾತ್ರ ಕೇಳಬೇಡಿ. ಎಲ್ಲರೂ ಅಲ್ಲಿಗೇ ಹೋದರೆ ರೇಟ್ ಏರುತ್ತೆ, ಅಲ್ವಾ?