ರೋಲರ್ ಪಾರಿವಾಳಕ್ಕೆ ತಾರಸಿಯ ಮೇಲೊಂದು ಗೂಡು

ರೋಲರ್ ಪಾರಿವಾಳ ಸಾಕಲು ಹೊರಟವರು ಮೊದಲು ಮಾಡುವ ತಪ್ಪು ಎಂದರೆ ಒಂದೇ ದೊಡ್ಡ ಕೋಣೆ ಕಟ್ಟಿ ಎಲ್ಲವನ್ನೂ ಅದರಲ್ಲಿ ತುಂಬುವುದು. ಗಂಡು, ಹೆಣ್ಣು, ಮರಿ, ಕಾವಿಗೆ ಕೂತದ್ದು, ಹಾರುವುದು, ಎಲ್ಲ ಒಟ್ಟಿಗೆ. ನೋಡಲು ಚೆನ್ನಾಗಿರುತ್ತದೆ, ಆದರೆ ಹಕ್ಕಿ ಕೆಡುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಕಡೆಯವರು ಈ ತಳಿ ಬೆಳೆಸಿದ್ದೇ ಗುಂಪು ಹಾರಾಟಕ್ಕೆ. ಹದಿನೈದು ಇಪ್ಪತ್ತು ಹಕ್ಕಿ ಒತ್ತಾಗಿ ಸುತ್ತುತ್ತಾ, ತಿರುವಿನಲ್ಲಿ ಒಟ್ಟೊಟ್ಟಿಗೆ ಹಿಂದಕ್ಕೆ ಲಾಗ ಹಾಕಿ ಮತ್ತೆ ಗುಂಪಿಗೆ ಸೇರಬೇಕು. ಮನಸ್ಸು ಗೂಡಿನಲ್ಲಿರುವ ಜೋಡಿಯ ಮೇಲೆ ನೆಟ್ಟಿದ್ದರೆ ಆ ಹಕ್ಕಿ ಐದು ನಿಮಿಷಕ್ಕೇ ಇಳಿದು ಬಿಡುತ್ತದೆ, ಅದರ ಹಿಂದೆ ಉಳಿದವೂ ಇಳಿಯುತ್ತವೆ. ಹಾಗಾಗಿ ಮರಿ ಮಾಡುವ ಕೋಣೆ ಬೇರೆ, ಹಾರುವ ತಂಡದ ಪೆಟ್ಟಿಗೆ ಬೇರೆ, ಒಂದಕ್ಕೊಂದು ಕಾಣಲೂ ಬಾರದು. ಇಷ್ಟನ್ನು ಒಪ್ಪಿಕೊಂಡರೆ ಗೂಡು ತಾನಾಗಿಯೇ ಚಿಕ್ಕದಾಗುತ್ತದೆ, ಖರ್ಚೂ ಇಳಿಯುತ್ತದೆ.

ಜಾಗ ನೋಡುವಾಗ ಮೇಲೆ ನೋಡಿ, ಕೆಳಗಲ್ಲ. ಲಾಗ ಹಾಕುತ್ತಾ ಇಳಿಯುವ ಹಕ್ಕಿಗೆ ಕೇಬಲ್ ತಂತಿ, ಬಟ್ಟೆ ಒಣಗಿಸುವ ಹಗ್ಗ, ಡಿಶ್ ಆಂಟೆನಾ ಕಾಣುವುದಿಲ್ಲ. ಗೂಡಿನ ಮುಂದೆ ಮತ್ತು ಮೇಲೆ ಬಯಲಾಗಿರಬೇಕು. ನೀರಿನ ಟ್ಯಾಂಕ್ ಪಕ್ಕ ಬೇಡ, ಇದ್ದರೆ ಮುಚ್ಚಳ ಭದ್ರವಾಗಿರಲಿ. ಮಲಗುವ ಕೋಣೆಯ ಕಿಟಕಿಯಿಂದಲೂ ದೂರ ಇಡಿ, ಪಾರಿವಾಳದ ಪುಕ್ಕದ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮುಖ ಪೂರ್ವಕ್ಕಿರಲಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆ ಬರುವುದು ನೈಋತ್ಯದಿಂದ, ಅದಕ್ಕೆ ಗೂಡು ಬೆನ್ನು ಕೊಟ್ಟಿರುತ್ತದೆ, ಬೆಳಗಿನ ಎಳೆ ಬಿಸಿಲು ನೇರ ಒಳಗೆ ಬೀಳುತ್ತದೆ. ಮೈಸೂರು, ಬೆಂಗಳೂರು ಕಡೆ ಅಕ್ಟೋಬರ್, ನವೆಂಬರ್‌ನ ಹಿಂಗಾರು ಮಾತ್ರ ಎದುರಿನಿಂದಲೇ ಬಡಿಯುತ್ತದೆ. ಆ ಎರಡು ತಿಂಗಳಿಗೆಂದು ಮುಂದೆ ಸುತ್ತಿಡುವ ಟಾರ್ಪಾಲಿನ್ ಕಟ್ಟಿಕೊಳ್ಳಿ. ಪಾರಿವಾಳ ಚಳಿ ತಡೆಯುತ್ತದೆ, ಒದ್ದೆ ತಡೆಯುವುದಿಲ್ಲ.

ಅಳತೆ 8 ಅಡಿ ಉದ್ದ, 4 ಅಡಿ ಅಗಲ ಇಟ್ಟುಕೊಳ್ಳಿ. ಪ್ಲೈವುಡ್ ಶೀಟ್ ಬರುವುದೇ 8 ಅಡಿ 4 ಅಡಿಯಲ್ಲಿ, ಆದ್ದರಿಂದ ಹೆಚ್ಚೇನೂ ದಂಡವಾಗುವುದಿಲ್ಲ. ಮುಂದಿನ ಎತ್ತರ 6 ಅಡಿ, ಹಿಂದಿನದು ಐದೂವರೆ. 12 ಮಿ.ಮೀ. ದಪ್ಪದ ನೀರು ತಡೆಯುವ ಪ್ಲೈವುಡ್ 6 ಶೀಟ್ ಸಾಕು. ಒಂದು ಶೀಟ್ ನೆಲಕ್ಕೆ, ಒಂದು ಹಿಂದಿನ ಗೋಡೆಗೆ ಅಡ್ಡಡ್ಡ, ಎರಡು ಎಡಬಲದ ಗೋಡೆಗೆ. ಎಡಬಲದ ಶೀಟಿನಲ್ಲಿ ಉಳಿಯುವ ತುಂಡುಗಳಿಂದ 1 ಅಡಿ ಅಗಲದ ಪಟ್ಟಿ ಕೊಯ್ದು ಹಿಂದಿನ ಗೋಡೆಯ ಮೇಲೆ ಏರಿಸಿ, ಅದರ ಮೇಲೆ ಸೂರಿನ ಕೆಳಗೆ ಉಳಿಯುವ 6 ಇಂಚು ಗಾಳಿಗೆ. ಎಡಕ್ಕೆ ಮರಿ ಮಾಡುವ ಕೋಣೆ, ಬಲಕ್ಕೆ ಹಾರುವ ತಂಡ ಎಂದು ಭಾಗ ಮಾಡುವ ನಡುಗೋಡೆಗೆ ಐದನೆಯ ಶೀಟ್. ಇದು ಜಾಲರಿಯದ್ದಾಗಬಾರದು, ಗಟ್ಟಿ ಗೋಡೆಯೇ ಆಗಬೇಕು. ಅದರಲ್ಲಿ ಉಳಿಯುವ ತುಂಡಿನಿಂದ ಮರಿ ಖಾನೆಗಳ ನಡುವಿನ ಅಡ್ಡಹಲಗೆಗೆ 16 ಇಂಚು ಚೌಕದ ಮೂರು ಹಲಗೆ ಬರುತ್ತವೆ. ಆರನೆಯದನ್ನು ಸರಿಯಾಗಿ ಎರಡು ಹೋಳು ಮಾಡಿ, ಒಂದು ಹೋಳು ತಂಡದ ಕಡೆ 3 ಅಡಿ ಎತ್ತರದಲ್ಲಿ ಅಟ್ಟವಾಗುತ್ತದೆ, ಇನ್ನೊಂದರಲ್ಲಿ 16 ಇಂಚಿನ ಮೂರು ಹಲಗೆ ಕೊಯ್ದರೆ ಮರಿ ಖಾನೆಯ ತಳ. ಗರಗಸ ತಿನ್ನುವ ಕೂದಲೆಳೆಯಷ್ಟನ್ನು ಲೆಕ್ಕ ಬಿಡಿ. ಮರೆಯಬಾರದ್ದು ಒಂದಿದೆ. ಪ್ಲೈವುಡ್ ಬಾಯಿ ಬಿಡುವುದು ಅಂಚಿನಿಂದ. ಕೊಯ್ದ ಪ್ರತಿ ಅಂಚಿಗೂ ಜೋಡಿಸುವ ಮುಂಚೆಯೇ ಎರಡು ಕೋಟ್ ಪ್ರೈಮರ್ ಬಳಿಯಿರಿ, ಜೋಡಿಸಿದ ಮೇಲೆ ಕುಂಚ ಅಲ್ಲಿಗೆ ಹೋಗುವುದಿಲ್ಲ. ಮೊಳೆ ಬೇಡ, ಸ್ಕ್ರೂ ಹಾಕಿ. ನಾಳೆ ಮನೆ ಬದಲಿಸಿದರೆ ಬಿಚ್ಚಿ ಒಯ್ಯಬಹುದು.

ಚೌಕಟ್ಟಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಚೌಕ ಪೈಪು. ಕಾಲು ಆರು, ನೆಲದಿಂದ ಒಂದೂವರೆ ಅಡಿ ಎತ್ತರ. ತಾರಸಿಗೆ ತೂತು ಕೊರೆದು ಬೋಲ್ಟ್ ಹಾಕಿದರೆ ಮುಂದಿನ ಮಳೆಗಾಲದಲ್ಲಿ ಕೆಳಗಿನ ಕೋಣೆ ಸೋರುತ್ತದೆ, ಆಮೇಲೆ ಪಾರಿವಾಳಕ್ಕೂ ಬೈಗುಳ, ನಿಮಗೂ ಬೈಗುಳ. 20 ಲೀಟರಿನ ಖಾಲಿ ಪೇಂಟ್ ಬಕೆಟ್‌ನಲ್ಲಿ ಕಾಲು ನಿಲ್ಲಿಸಿ ಕಾಂಕ್ರೀಟ್ ತುಂಬಿ. ಒಂದೊಂದೂ 45 ಕಿಲೋ ಮೇಲಾಗುತ್ತದೆ, ಆಷಾಢದ ಗಾಳಿಗೂ ಗೂಡು ಅಲ್ಲಾಡದು. ಆದರೆ ಇಷ್ಟು ಭಾರವನ್ನು ತಾರಸಿಯ ನಟ್ಟನಡುವೆ ಇಡಬೇಡಿ, ಕೆಳಗೆ ಗೋಡೆಯೋ ತೊಲೆಯೋ ಇರುವ ನೇರಕ್ಕೆ ನಿಲ್ಲಿಸಿ. ಗೂಡಿನ ಅಡಿ ಬಯಲಾಗಿದ್ದರೆ ಗಾಳಿ ಆಡುತ್ತದೆ, ಗುಡಿಸಲು ಬರುತ್ತದೆ, ಇಲಿ ಸಂಸಾರ ಹೂಡುವುದಿಲ್ಲ. ಖಾಲಿ ಎಂದು ಹಳೆ ಸಾಮಾನು ತುರುಕಿದಿರೋ, ಇಲಿಗೆ ನೀವೇ ಮನೆ ಕಟ್ಟಿಕೊಟ್ಟಂತೆ.

ಮಾಡಿಗೆ ಉಬ್ಬುತಗ್ಗಿನ ತಗಡಿನ ಶೀಟ್ 10 ಅಡಿ ಉದ್ದ, ಆರೂವರೆ ಅಡಿ ಅಗಲ. ಮುಂದೆ ಒಂದೂವರೆ ಅಡಿ, ಉಳಿದ ಮೂರು ಕಡೆ ಒಂದೊಂದು ಅಡಿ ಚಾಚಿರಬೇಕು. ಇಳಿಜಾರು ಹಿಂದಕ್ಕೆ, ಮುಂದಕ್ಕೆ ಕೊಟ್ಟರೆ ಹಕ್ಕಿ ಇಳಿಯುವ ಹಲಗೆಯ ಮೇಲೇ ನೀರು. ಶೀಟನ್ನು ಚೌಕಟ್ಟಿಗೆ ಹಿಡಿಸುವ ಜೆ ಬೋಲ್ಟ್ (ಕೊಕ್ಕೆ ಬೋಲ್ಟ್) ಹಾಕುವಾಗ ಶೀಟಿನ ಉಬ್ಬಿನ ಮೇಲೆ ತೂತು ಮಾಡಿ. ತಗ್ಗಿನಲ್ಲಿ ಮಾಡಿದರೆ ವಾಷರ್ ಎಷ್ಟೇ ಒಳ್ಳೆಯದಿರಲಿ, ಸೋರುವುದು ಖಂಡಿತ. ಬರಿ ತಗಡು ಏಪ್ರಿಲ್ ಬಿಸಿಲಿಗೆ ಕಾವಲಿಯಾಗುತ್ತದೆ. ಮೇಲೆ ತೆಂಗಿನ ಗರಿ ಹೆಣೆದು ಹೊದಿಸಿ ಹಗ್ಗದಲ್ಲಿ ಬಿಗಿಯಿರಿ, ವರ್ಷಕ್ಕೊಮ್ಮೆ ಬದಲಿಸಿದರೆ ಆಯಿತು. ಇದಕ್ಕಿಂತ ಅಗ್ಗದ ತಂಪು ಇಲ್ಲ.

ಮುಂಭಾಗ ಪೂರ್ತಿ ಜಾಲರಿ. ಅರ್ಧ ಇಂಚಿನ ವೆಲ್ಡ್ ಮೆಶ್ ಕೇಳಿ ತನ್ನಿ. ಕೋಳಿಗೂಡಿಗೆ ಹಾಕುವ ಆರು ಮೂಲೆಯ ತೆಳು ತಂತಿ ಬಲೆಯನ್ನು ಬೆಕ್ಕು ಉಗುರಲ್ಲೇ ಅಗಲಿಸುತ್ತದೆ, ಇಲಿ, ಕೇರೆಹಾವು ನಿರಾಯಾಸವಾಗಿ ತೂರುತ್ತವೆ. ಸೂರಿನ ಕೆಳಗಿನ ಸಂದಿಗೂ ಇದೇ ಜಾಲರಿ. ಮಳೆಗಾಲದಲ್ಲಿ ಒಳಗಿನಿಂದ ಸೊಳ್ಳೆಪರದೆಯ ಬಟ್ಟೆ ಸೇರಿಸಿ, ಪಾರಿವಾಳದ ಸಿಡುಬು ಹರಡುವುದು ಸೊಳ್ಳೆಯಿಂದ. ಗಾಳಿ ಸರಿಯಿದೆಯೇ ಎಂದು ತಿಳಿಯಲು ಬೆಳಗಿನ ಜಾವ ಬಾಗಿಲು ತೆರೆದ ಕೂಡಲೇ ಹಕ್ಕಿ ಕೂರುವ ಎತ್ತರಕ್ಕೆ ಮೂಗು ಹಿಡಿಯಿರಿ. ಕಣ್ಣುರಿಯುವ ಘಾಟು ಬಂದರೆ ಗಾಳಿ ಕಡಿಮೆ, ಇಲ್ಲವೇ ಹಕ್ಕಿ ಜಾಸ್ತಿ. ಸಾಮಾನ್ಯವಾಗಿ ಎರಡನೆಯದೇ ಇರುತ್ತದೆ.

ಎಡಗಡೆಯ 4 ಅಡಿ ಕೋಣೆ ಮರಿ ಮಾಡುವ ಜೋಡಿಗಳಿಗೆ. ಹಿಂದಿನ ಗೋಡೆಗೆ ನೆಲದಿಂದ 1 ಅಡಿ ಬಿಟ್ಟು ಮೂರು ಹಲಗೆ ಸಾಲು, ಪ್ರತಿ ಸಾಲಿನ ನಡುವೆ ಒಂದು ಅಡ್ಡಹಲಗೆ. 2 ಅಡಿ ಉದ್ದದ ಆರು ಖಾನೆ, ಆರು ಜೋಡಿ. ಮೇಲಿನ ಸಾಲಿನಲ್ಲಿ ಅಡ್ಡಹಲಗೆಯ ಮೇಲೆ ಉಳಿಯುವ ಸಂದಿಗೆ ಜಾಲರಿ ತುಂಡು ಹಾಕಿ, ಇಲ್ಲವಾದರೆ ಪಕ್ಕದ ಗಂಡು ನುಗ್ಗಿ ಮೊಟ್ಟೆ ತುಳಿಯುತ್ತದೆ. ಖಾನೆಯ ಮುಂದೆ ಅರ್ಧ ಭಾಗ ಮುಚ್ಚಿರಲಿ, ತೆರೆದ ಅರ್ಧಕ್ಕೆ 3 ಇಂಚಿನ ತಡೆಪಟ್ಟಿ ಇರಲಿ. ಒಂದು ಖಾನೆಗೆ ಬಟ್ಟಲು ಎರಡು ಬೇಕು. ಮರಿ ಇನ್ನೂ ಗೂಡಿನಲ್ಲಿರುವಾಗಲೇ ಹೆಣ್ಣು ಮುಂದಿನ ಮೊಟ್ಟೆಗೆ ಕೂರುತ್ತದೆ. ಒಂದೇ ಬಟ್ಟಲಿದ್ದರೆ ಹಳೆ ಮರಿಯ ಕಾಲಡಿಗೆ ಹೊಸ ಮೊಟ್ಟೆ. ಕುಂಬಾರರ ಹತ್ತಿರ 9 ಇಂಚು ಅಗಲ, 3 ಇಂಚು ಆಳದ ಸುಟ್ಟ ಮಣ್ಣಿನ ಬಟ್ಟಲು ಮಾಡಿಸಿ, ಒಳಗೆ ಮೆರುಗು ಬೇಡ. ನುಣುಪು ತಳದಲ್ಲಿ ಮರಿಯ ಕಾಲು ಅಗಲಕ್ಕೆ ಜಾರಿ ಸೊಟ್ಟಗಾಗುತ್ತದೆ. ಹುಲ್ಲಿಗಿಂತ ತೆಂಗಿನಗರಿಯ ಕಡ್ಡಿ, ಬೇವಿನ ಎಲೆಯ ಒಣ ದಂಟು ಒಳ್ಳೆಯದು, ಬೂಸ್ಟು ಹಿಡಿಯುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ನಿಪ್ಪಾಣಿ ಕಡೆಯವರಿಗೆ ಒಂದು ಅನುಕೂಲ ಉಂಟು. ಒಣ ತಂಬಾಕಿನ ದಂಟು ನಾಲ್ಕು ಕಡ್ಡಿ ಹಾಕಿದರೆ ಹೇನು ದೂರ. ಮೊಟ್ಟೆ ಎರಡು, ಕಾವು 17, 18 ದಿನ, ತಿಂಗಳು ತುಂಬುವ ಹೊತ್ತಿಗೆ ಮರಿಯನ್ನು ಬೇರೆ ಮಾಡಬಹುದು.

ಬಲಗಡೆ ಅಟ್ಟದಿಂದಾದ ಎರಡು ಪೆಟ್ಟಿಗೆಗಳಲ್ಲಿ ಎರಡು ತಂಡ, ಒಂದೊಂದರಲ್ಲಿ 15 ಹಕ್ಕಿ. ಕೆಳಗಿನದು ಮರಿಗಳಿಗೆ, ಮೇಲಿನದು ಪಳಗಿದವಕ್ಕೆ. ಕೆಳಗಿನ ಪೆಟ್ಟಿಗೆಗೆ ಸೂರಿನ ಗಾಳಿ ಸಿಗುವುದಿಲ್ಲ, ಅದಕ್ಕೆ ಹಿಂದಿನ ಗೋಡೆಯಲ್ಲಿ ಅಟ್ಟದ ಕೆಳಗೆ ಇಂಚು ಅಗಲದ ಹನ್ನೆರಡು ತೂತು ಕೊರೆದು ಜಾಲರಿ ಬಡಿಯಿರಿ. ಕೂರಲು ಸಪಾಟು ಹಲಗೆ ಹಾಕಲೇಬೇಡಿ. ಸಪಾಟು ಸಿಕ್ಕರೆ ಜೋಡಿ ಕಟ್ಟುತ್ತವೆ, ಜಗಳ ಶುರುವಾಗುತ್ತದೆ. 4 ಇಂಚು ಅಗಲದ ಎರಡು ಪಟ್ಟಿಯನ್ನು ಮನೆಯ ಮಾಡಿನಂತೆ ಜೋಡಿಸಿ ಗೋಡೆಗೆ ಬಿಗಿಯಿರಿ, ಒಂದರ ಮೇಲೆ ಒಂದೇ ಹಕ್ಕಿ, ಮೇಲಿನದರ ಹಿಕ್ಕೆ ಕೆಳಗಿನದರ ಮೈಗೆ ಬೀಳದೆ ಆಚೀಚೆ ಜಾರುತ್ತದೆ. ಮೂರು ಗೋಡೆ, ಗೋಡೆಗೆ ಎರಡು ಸಾಲು, ಸಾಲಿಗೆ ಮೂರು, ಒಟ್ಟು 18. ಹಕ್ಕಿಗಿಂತ ಮೂರು ಹೆಚ್ಚು ಇರಲೇಬೇಕು. ಪೆಟ್ಟಿಗೆಯ ಮುಂದೆ ಗೋಣಿ ಪರದೆ ಅರ್ಧ ಇಳಿಸಿ ಮಬ್ಬು ಮಾಡಿ. ಮಬ್ಬಿನಲ್ಲಿದ್ದ ತಂಡ ಸುಮ್ಮನೆ ಕೂತು, ಬಿಟ್ಟಾಗ ಮನಸ್ಸಿಟ್ಟು ಹಾರುತ್ತದೆ.

ಬಾಗಿಲು ಪೆಟ್ಟಿಗೆಯ ಪೂರ್ತಿ 4 ಅಡಿ ಉದ್ದಕ್ಕೂ, 1 ಅಡಿ ಎತ್ತರ. ಕೀಲು ಕೆಳಗಡೆ ಇರಲಿ, ತೆರೆದಾಗ ಸರಪಳಿಯ ಮೇಲೆ ಅಡ್ಡ ನಿಂತು ಅದೇ ಇಳಿಯುವ ಹಲಗೆ. ಕಿರಿದಾದ ಕಿಂಡಿಯಿಂದ ಒಂದೊಂದೇ ಹೊರಬಿದ್ದರೆ ತಂಡ ಆಕಾಶದಲ್ಲೇ ಒಡೆಯುತ್ತದೆ. ಬಾಗಿಲ ಒಳಗೆ ಬಾಬ್ ಕಟ್ಟಿ: ಅಡ್ಡ ಸರಳಿಗೆ 2 ಇಂಚಿಗೊಂದರಂತೆ ತೂಗುವ ಅಲ್ಯೂಮಿನಿಯಂ ತಂತಿ, ಬುಡ ಹೊರಗಡೆ ಒಂದು ಪಟ್ಟಿಗೆ ತಾಗಿ ನಿಲ್ಲಬೇಕು. ಹೊರಗಿನಿಂದ ತಳ್ಳಿದರೆ ತೆರೆಯುತ್ತದೆ, ಒಳಗಿನಿಂದ ತೆರೆಯುವುದಿಲ್ಲ. ಹಾರಿಸುವಾಗ ಸರಳನ್ನೇ ಎತ್ತಿ ಕೊಕ್ಕೆಗೆ ಹಾಕಿ.

ನೀರಿನ ಪಾತ್ರೆ ಜಾಲರಿಯ ಹೊರಗೆ, ಹಕ್ಕಿ ತಲೆ ಮಾತ್ರ ಹಾಕುವಂತೆ. ಹಿಕ್ಕೆ ಬಿದ್ದ ನೀರಿನಿಂದಲೇ ಅರ್ಧ ರೋಗ. ಕಾಳು ಹಾರಾಟ ಮುಗಿದ ಮೇಲೆ, ಹಕ್ಕಿಗೆ 25 ಗ್ರಾಂ ಲೆಕ್ಕದಲ್ಲಿ ತಂಡಕ್ಕೆ ಸುಮಾರು 375 ಗ್ರಾಂ, ಜೋಳ ಮತ್ತು ಗೋಧಿ. ಒಳಗೋಡೆಗೆ ಎಣ್ಣೆ ಬಣ್ಣ ಬೇಡ, ಬೆವರುತ್ತದೆ. ಸುಣ್ಣ ಹೊಡೆಯಿರಿ. ವಾರಕ್ಕೊಮ್ಮೆ ಕೆರೆಯುವಾಗ ಮುಖಕ್ಕೆ ಎನ್95 ಮಾಸ್ಕ್ ಹಾಕದೆ ಒಳಗೆ ತಲೆ ಹಾಕಬೇಡಿ. ಪಾರಿವಾಳದ ರಕ್ತ ಹೀರುವ ನೊಣದ ಕೋಶಗಳು (ಮರಿನೊಣ ಬೆಳೆಯುವ ಚಿಪ್ಪು) ಬಟ್ಟಲ ಕೆಳಗಿನ ಧೂಳಿನಲ್ಲೇ ಇರುತ್ತವೆ, ಅಲ್ಲಿ ಮೊದಲು ಗುಡಿಸಿ.

ಕೊನೆಗೆ ಒಂದು ಪುಟ್ಟ ಪಂಜರ, 3 ಅಡಿ ಉದ್ದ, ಬಾಗಿಲ ಹಲಗೆಯ ಮೇಲೆ ಕೂರುವಷ್ಟು ಅಗಲ, ಒಂದೂವರೆ ಅಡಿ ಎತ್ತರ, ತಳ ಬಿಟ್ಟು ಉಳಿದೆಲ್ಲ ಜಾಲರಿ. ಹೊಸ ಮರಿಗಳನ್ನು ಇದರಲ್ಲಿಟ್ಟು ಬಾಗಿಲ ಹಲಗೆಯ ಮೇಲೆ ದಿನಾ ಎರಡು ಗಂಟೆ, ಹತ್ತು ದಿನ ಇಡಿ. ಸುತ್ತಲಿನ ಮನೆ, ಮರ, ಆಕಾಶ ಗುರುತಾಗುತ್ತದೆ. ಮೊದಲ ಮೂರು ದಿನ ಬಾಬ್‌ನ ನಾಲ್ಕು ತಂತಿ ಎತ್ತಿ ಕಟ್ಟಿ ದಾರಿ ತೋರಿಸಿ, ಆಮೇಲೆ ಎರಡು ತಂತಿ ಇಳಿಸಿ, ಆಮೇಲೆ ಎಲ್ಲ. ಸಂತೆಯಲ್ಲಿ ಕೊಂಡ ದೊಡ್ಡ ಹಕ್ಕಿಗೆ ಈ ಪಾಠ ಹತ್ತುವುದಿಲ್ಲ, ಅದನ್ನು ಮರಿ ಕೋಣೆಯಲ್ಲೇ ಇಟ್ಟು ಅದರ ಮರಿಗಳನ್ನು ಹಾರಿಸಿ. ಆಷಾಢದಲ್ಲಿ ಹುಡುಗರು ಗಾಳಿಪಟಕ್ಕೆ ಏರುವ ಸಂಜೆ ಹೊತ್ತಿನಲ್ಲಿ ಮಾತ್ರ ಬಾಗಿಲು ತೆಗೆಯಬೇಡಿ. ಮಾಂಜಾ ದಾರ ರೆಕ್ಕೆ ಕತ್ತರಿಸುತ್ತದೆ, ಬೆಳಿಗ್ಗೆ ಏಳಕ್ಕೇ ಬಿಟ್ಟು ಒಳಗೆ ಹಾಕಿಕೊಳ್ಳಿ.