ಮುನ್ಸೂಚನೆ ನೋಡಿ ಹೊಲದ ಕೆಲಸ: ರೋಣ ತಾಲ್ಲೂಕಿನಿಂದ ನನ್ನ ಅನುಭವ

‘ನಾಳೆ ಮಳೆ ಬರ್ತದೇನು?’ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಾಳೆ ನಿಮ್ಮ ಕೆಲಸ ಏನು? ಬಿತ್ತಿಗೆಯಾ, ಔಷಧಿ ಹೊಡೆಯುವುದಾ, ಹೆಸರುಕಾಳಿನ ಕಾಯಿ ಬಿಡಿಸುವುದಾ? 10 ಮಿ.ಮೀ. ಮಳೆ ಬಿತ್ತುವವನಿಗೆ ಸಾಲುವುದಿಲ್ಲ. ಅದೇ 10 ಮಿ.ಮೀ. ಕಣದಲ್ಲಿ ಹೆಸರು ಹರವಿದವನಿಗೆ ಜಾಸ್ತಿ. ಮುನ್ಸೂಚನೆ ಇಬ್ಬರಿಗೂ ಒಂದೇ, ಅದನ್ನು ನೋಡಿ ಮಾಡಬೇಕಾದದ್ದು ಬೇರೆ. ಇಷ್ಟು ತಿಳಿದುಕೊಂಡ ಮೇಲೆ ನನ್ನ ಒಕ್ಕಲುತನಕ್ಕೆ ಹವಾಮಾನದ ಮಾಹಿತಿ ನಿಜವಾಗಿ ಉಪಯೋಗಕ್ಕೆ ಬಂತು.

ನಮ್ಮದು ಗದಗ ಜಿಲ್ಲೆಯ ರೋಣ ತಾಲ್ಲೂಕು. ಹೆಚ್ಚಿನ ಹೊಲ ಎರೆ, ಅಂದರೆ ಕಪ್ಪು ಮಣ್ಣು; ಊರ ಮಗ್ಗುಲಿಗೆ ಸ್ವಲ್ಪ ಮಸಾರಿ, ಅಂದರೆ ಕೆಂಪು ಮಣ್ಣು. ಮುಂಗಾರಿಗೆ ಹೆಸರು, ಮಸಾರಿಯಲ್ಲಿ ಉಳ್ಳಾಗಡ್ಡಿ. ಹೆಸರು ತೆಗೆದ ಹೊಲಕ್ಕೆ ಹಿಂಗಾರಿಯಲ್ಲಿ ಕಡಲೆ ಇಲ್ಲವೇ ಬಿಳಿಜೋಳ. ಅರಬ್ಬಿ ಸಮುದ್ರದ ಮೋಡ ಪಶ್ಚಿಮ ಘಟ್ಟದಲ್ಲೇ ಸುರಿದು, ನಮ್ಮ ಕಡೆ ಬರುವಾಗ ಅರ್ಧ ಬರಿದಾಗಿರುತ್ತದೆ. ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಜುಲೈನಲ್ಲಿ ಮಲೆನಾಡು ತೊಯ್ದು ತೊಪ್ಪೆಯಾಗುವಾಗ ನಮ್ಮಲ್ಲಿ ಬರೀ ಗಾಳಿ, ನಡುನಡುವೆ ಜಿಟಿಜಿಟಿ. ನಮ್ಮ ಹೊಲ ತಣಿಯುವ ಮಳೆ ಬರುವುದು ಸೆಪ್ಟೆಂಬರ್ ಹೊತ್ತಿಗೆ. ಹಾಗಾಗಿ ಟಿವಿಯಲ್ಲಿ ‘ರಾಜ್ಯದಲ್ಲಿ ಭಾರಿ ಮಳೆ’ ಅಂದಾಗ ನಾನು ಗೊಬ್ಬರದ ಚೀಲ ಬಿಚ್ಚುವುದಿಲ್ಲ. ಆ ಮಾತು ಆಗುಂಬೆಗೆ ಹೇಳಿದ್ದೋ, ಗದಗಿಗೆ ಹೇಳಿದ್ದೋ ಮೊದಲು ನೋಡಬೇಕಲ್ವಾ?

ನಾನು ಮೊದಲು ಮಾಡಿದ್ದು ಹೊಲದಲ್ಲಿ ಒಂದು ಮಳೆಮಾಪಕ ಇಟ್ಟಿದ್ದು. ಯಾರಾದರೂ ಹೊಸದಾಗಿ ಶುರು ಮಾಡುವುದಾದರೆ ಆ್ಯಪ್‌ಗಿಂತ ಮೊದಲು ಇದನ್ನು ಮಾಡಿ ಅಂತಲೇ ಹೇಳುತ್ತೇನೆ. ದುಡ್ಡು ಕೊಟ್ಟು ತರಬೇಕಂತೇನೂ ಇಲ್ಲ. ಮೇಲಿಂದ ಕೆಳಗಿನವರೆಗೂ ಒಂದೇ ಅಗಲ ಇರುವ ಯಾವ ಡಬ್ಬಿಯಾದರೂ ನಡೆಯುತ್ತದೆ. ಡಬ್ಬಿ ದೊಡ್ಡದಿರಲಿ ಸಣ್ಣದಿರಲಿ, ಗೋಡೆ ನೇರ ಇದ್ದರೆ ಅಳತೆ ಒಂದೇ ಬರುತ್ತದೆ. ನಾನು ದೊಡ್ಡ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕೊಯ್ದು, ಅದನ್ನೇ ಬೋರಲು ಮಾಡಿ ಬಾಯಿಗೆ ಆಲಿಕೆಯಂತೆ ಕೂರಿಸಿದ್ದೇನೆ. ಬಾಟಲಿಯ ತಳ ಸಪಾಟ ಇರುವುದಿಲ್ಲ. ಅದಕ್ಕೆ ತಳದಲ್ಲಿ ಹರಳುಕಲ್ಲು ಹಾಕಿ, ಗೋಡೆ ನೇರ ಆಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಅಂತ ಗೆರೆ ಹಾಕಬೇಕು. ಅದರ ಮೇಲೆ ಶಾಲೆಯ ಸ್ಕೇಲು ಅಂಟಿಸಿದರೆ ಆಯಿತು. ಬಿಸಿಲಿಗೆ ನೀರು ಇಂಗಿದರೆ ಮತ್ತೆ ಸೊನ್ನೆಗೆ ತರಬೇಕು. ಮರದ ಕೆಳಗೆ, ಗೋಡೆಯ ಮಗ್ಗುಲಿಗೆ ಇಡಬಾರದು. ಮರ ಎಷ್ಟು ಎತ್ತರ ಇದೆಯೋ ಅದರ ಎರಡು ಪಟ್ಟು ದೂರ ಬಿಡಬೇಕು. ಗಾಳಿಗೆ ಅಲುಗಾಡದಂತೆ ನೆಲಕ್ಕೆ ಗೂಟ ಹೊಡೆದು ಕಟ್ಟಬೇಕು.

ಓದುವ ಹೊತ್ತು ಬೆಳಿಗ್ಗೆ 8:30. ಹವಾಮಾನ ಇಲಾಖೆಯವರೂ ಹಿಂದಿನ ದಿನ 8:30ರಿಂದ ಇವತ್ತಿನ 8:30ರವರೆಗಿನ ಮಳೆಯನ್ನೇ ಒಂದು ದಿನದ ಮಳೆ ಅಂತ ಬರೆಯುತ್ತಾರೆ. ಅದೇ ಹೊತ್ತಿಗೆ ನೋಡಿದರೆ ಅವರ ಅಂಕಿಯ ಪಕ್ಕ ನಮ್ಮದನ್ನು ಇಟ್ಟು ಹೋಲಿಸಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯತಿ ಮಟ್ಟದಲ್ಲೇ ಮಳೆಮಾಪಕ ಕೂರಿಸಿದ್ದಾರೆ. ಆದರೂ ಪಂಚಾಯತಿ ಹತ್ತಿರ ಬಿದ್ದ ಮಳೆ ನನ್ನ ಹೊಲಕ್ಕೆ ಬಿದ್ದಿರಬೇಕು ಅಂತಿಲ್ಲ. ಗುಡುಗಿನ ಮಳೆ ಹಳ್ಳದ ಆಚೆ ಸುರಿದು ಈಚೆ ಹನಿಯೂ ಹಾಕದೆ ಹೋಗುತ್ತದೆ. ಇನ್ನೊಂದು ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ: 1 ಮಿ.ಮೀ. ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. 25 ಮಿ.ಮೀ. ಬಿದ್ದರೆ ಲಕ್ಷ ಲೀಟರ್. ಬದು ಒಡೆದುಹೋದರೆ ಏನು ಕಳೆದುಕೊಳ್ಳುತ್ತೇವೆ ಅನ್ನುವುದು ಆಗ ಚೆನ್ನಾಗಿ ತಿಳಿಯುತ್ತದೆ.

ಮಳೆಮಾಪಕ ಹೇಳುವುದು ಬಿದ್ದ ಮಳೆಯನ್ನು. ಅದು ಎಷ್ಟು ಆಳ ಇಳಿದಿದೆ ಅನ್ನುವುದಕ್ಕೆ ನೆಲ ಅಗೆಯಲೇಬೇಕು. ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ. ಮೊದಲ ಮಳೆಯ ನೀರು ಬಿರುಕಿನಲ್ಲಿ ಸೀದಾ ಕೆಳಗೆ ಓಡುತ್ತದೆ. ಮೇಲೆ ಎರಡು ಬೆರಳು ಹಸಿ, ಅದರ ಕೆಳಗೆ ಒಣ ಪದರ, ಇನ್ನೂ ಕೆಳಗೆ ಮತ್ತೆ ಹಸಿ. ಹೊರಗಿಂದ ನೋಡಿದರೆ ಹೊಲ ಕರ್ರಗೆ ತೊಯ್ದಂತೆ ಕಾಣುತ್ತದೆ. ಇಂಥ ಹೊಲಕ್ಕೆ ಕೂರಿಗೆ ಹೂಡಿದರೆ ಬೀಜ ಮೊಳೆತು ಬೇರಿಗೆ ಹಸಿ ಸಿಗದೆ ಒಣಗುತ್ತದೆ. ನಾನು ಒಂದು ಗೇಣು ಅಗೆದು, ತಳದ ಮಣ್ಣು ಹಿಡಿದು ಮುಷ್ಟಿಯಲ್ಲಿ ಒತ್ತುತ್ತೇನೆ. ಉಂಡೆ ನಿಲ್ಲಬೇಕು, ಅಂಗೈಗೆ ಮೆತ್ತಬಾರದು. ಹೊಲದ ಮೇಲು ಭಾಗ, ನಡು, ತಗ್ಗು, ಮೂರೂ ಕಡೆ ಹಾಗೆ ನಿಂತರೆ ಹದ ಬಂದಿದೆ ಅಂತ ಲೆಕ್ಕ. ಆಮೇಲೇ ಮುಂದಿನ ಐದು ದಿನದ ಮುನ್ಸೂಚನೆ ತೆಗೆದು ನೋಡುತ್ತೇನೆ.

ಆ ಐದು ದಿನದ್ದು ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ. ಗ್ರಾಮೀಣ ಕೃಷಿ ಮೌಸಮ್ ಸೇವೆಯ ಅಡಿಯಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಬೆಳೆಯ ಸಲಹೆ ಸೇರಿಸಿ ಕನ್ನಡದಲ್ಲಿ ಕೊಡುತ್ತಾರೆ. 2019ರಲ್ಲಿ ಬಂದ ಮೇಘದೂತ್ ಆ್ಯಪ್‌ನಲ್ಲೂ ಸಿಗುತ್ತದೆ. 2024ರ ಅಕ್ಟೋಬರ್‌ನಿಂದ ಪಂಚಾಯತಿ ಮಟ್ಟದ ಮುನ್ಸೂಚನೆಯೂ ಶುರುವಾಗಿದೆ. ತುಂಬ ಜನ ಇದರಲ್ಲಿ ಮಳೆಯ ಸಾಲು ಮಾತ್ರ ಓದುತ್ತಾರೆ. ನನಗೆ ಗಾಳಿಯ ವೇಗ, ಬೆಳಗಿನ ಮತ್ತು ಮಧ್ಯಾಹ್ನದ ತೇವಾಂಶ, ಮೋಡ ಇವೂ ಅಷ್ಟೇ ಮುಖ್ಯ. ಮೋಡದ ಸಾಲಿನಲ್ಲಿ 0ಯಿಂದ 8ರವರೆಗೆ ಅಂಕಿ ಇರುತ್ತದೆ. ಆಕಾಶವನ್ನು ಎಂಟು ಪಾಲು ಮಾಡಿದರೆ ಎಷ್ಟು ಪಾಲು ಮೋಡ ಅಂತ ಅದರ ಅರ್ಥ. ಮೋಡ 7, 8 ಅಂತಲೇ ಇದ್ದು ತೇವಾಂಶವೂ ಇಳಿಯದಿದ್ದರೆ ಉಳ್ಳಾಗಡ್ಡಿಗೆ ನೇರಳೆ ಮಚ್ಚೆ ರೋಗ ಬರುವ ಕಾಲ ಅದು. ಅಂಥ ವಾರ ನಾನು ದಿನಾ ಮುಂಜಾನೆ ಎಲೆ ತಿರುವಿ ನೋಡುತ್ತೇನೆ.

‘ಒಂದೆರಡು ಕಡೆ’, ‘ಕೆಲವು ಕಡೆ’, ‘ಹಲವು ಕಡೆ’, ‘ಬಹುತೇಕ ಕಡೆ’ ಅಂತ ಬರುತ್ತದಲ್ಲ, ಅದು ಸುಮ್ನೆ ಬರೆದ ಮಾತಲ್ಲ. ಒಂದೆರಡು ಕಡೆ ಅಂದರೆ ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ನೂರಕ್ಕೆ 25ರ ಒಳಗೆ. ಕೆಲವು ಕಡೆ ಅಂದರೆ 50ರವರೆಗೆ, ಹಲವು ಕಡೆ ಅಂದರೆ 75ರವರೆಗೆ, ಅದಕ್ಕೂ ಮೇಲೆ ಹೋದರೆ ಬಹುತೇಕ ಕಡೆ. ಮಳೆಯ ಪ್ರಮಾಣಕ್ಕೂ ಹೀಗೇ ಗೆರೆ ಇದೆ. 2.5ರಿಂದ 15.5 ಮಿ.ಮೀ.ವರೆಗೆ ಹಗುರ, 64.4ರವರೆಗೆ ಸಾಧಾರಣ, 64.5 ದಾಟಿದರೆ ಭಾರಿ. ಇದನ್ನು ನಾನು ಬರೆದು ಬಾಗಿಲ ಹಿಂದೆ ಅಂಟಿಸಿದ್ದೇನೆ.

ಇದೆಲ್ಲ ಹೆಚ್ಚು ಕೆಲಸಕ್ಕೆ ಬರುವುದು ಹೆಸರು ಬಿಡಿಸುವಾಗ. ಜೂನ್ ಮೊದಲ ಭಾಗದಲ್ಲಿ ಬಿತ್ತಿದ ಹೆಸರು ಆಗಸ್ಟ್ ನಡುವಿಗೆ ಕಾಯಿ ಕಪ್ಪಾಗುತ್ತದೆ. ಆ ಹೊತ್ತಿಗೆ ಆಶ್ಲೇಷಾ ಮುಗಿದು ಮಘಾ ಮಳೆ ಹೊಕ್ಕಿರುತ್ತದೆ. ‘ಮಘಾ ಮಳೆ ಬಂದಷ್ಟು ಒಳ್ಳೆಯದು, ಮನೆ ಮಗ ಉಂಡಷ್ಟು ಒಳ್ಳೆಯದು’ ಅನ್ನುತ್ತಾರೆ. ನಿಂತ ಪೈರಿಗೆ ಆ ಮಾತು ಸರಿ. ಬಲಿತ ಹೆಸರಿಗೆ ಮಾತ್ರ ಅದೇ ಮಳೆ ಕಂಟಕ. ಎರಡು ದಿನ ಬಿಡದೆ ಹಿಡಿದರೆ ಕಾಯಿಯೊಳಗೇ ಕಾಳು ಮೊಳಕೆ ಬರುತ್ತದೆ, ಬಣ್ಣ ಕೆಡುತ್ತದೆ. ಗದಗ ಎಪಿಎಂಸಿಯಲ್ಲಿ ಅಂಥ ಕಾಳಿನ ದರವೇ ಬೇರೆ. ಬೆಂಬಲ ಬೆಲೆಗೆ ಕೊಡಬೇಕೆಂದರೆ ತೇವಾಂಶ ನೂರಕ್ಕೆ 12ರ ಒಳಗಿರಬೇಕು.

ಆಗ ನಾನು ಎರಡೂ ಕಡೆಯ ನಷ್ಟ ತೂಗುತ್ತೇನೆ. ಬೇಗ ಬಿಡಿಸಿ ಮಳೆ ಬರಲಿಲ್ಲ ಅಂದರೆ ಒಂದಿಷ್ಟು ಹಸಿರು ಕಾಯಿ ಹೋಗುತ್ತದೆ, ತೂಕ ಸ್ವಲ್ಪ ಕಡಿಮೆ ಆಗುತ್ತದೆ. ಕಾದು ಕೂತಾಗ ಮಳೆ ಬಂದರೆ ಇಡೀ ಬೆಳೆಯ ದರ ಬೀಳುತ್ತದೆ. ಎರಡನೇ ನಷ್ಟ ದೊಡ್ಡದು. ಹಾಗಾಗಿ ಮುಕ್ಕಾಲು ಪಾಲು ಕಾಯಿ ಕಪ್ಪಾಗಿದ್ದು, ಬರೀ ‘ಕೆಲವು ಕಡೆ ಸಾಧಾರಣ ಮಳೆ’ ಅಂತ ಎರಡು ದಿನ ಸತತ ಬರೆದಿದ್ದರೂ ನಾನು ಆಳು ಕರೆದುಬಿಡುತ್ತೇನೆ. ಉಳ್ಳಾಗಡ್ಡಿಗೆ ಕೃಷಿಹೊಂಡದ ನೀರು ಹಾಯಿಸುವಾಗ ಲೆಕ್ಕ ಉಲ್ಟಾ. ಅಲ್ಲಿ ‘ಕೆಲವು ಕಡೆ’ ಅಂದರೂ ನೀರು ನಿಲ್ಲಿಸುವುದಿಲ್ಲ. ‘ಹಲವು ಕಡೆ’ ಅಂತ ಬಂದರೆ ಮಾತ್ರ ಒಂದು ದಿನ ತಡೆಯುತ್ತೇನೆ.

ಬಿಡಿಸಿ ಹರವಿದ ಮೇಲೆ ಅಕಾಲ ಮಳೆಗೆ ಸಿಕ್ಕರೆ ಇನ್ನೊಂದು ನೆನಪಿಡಿ. ಫಸಲ್ ಬಿಮಾ ಮಾಡಿಸಿದ್ದರೆ 72 ಗಂಟೆಯೊಳಗೆ ತಿಳಿಸಬೇಕು. ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ ಕಟಾವಾದ 14 ದಿನದವರೆಗೆ ಆ ರಕ್ಷಣೆ ಇದೆ. ಫೋಟೋ ಜೊತೆ ಆ ದಿನದ ಮಳೆಯ ಅಂಕಿಯನ್ನೂ ಬರೆದಿಟ್ಟುಕೊಂಡರೆ ಮಾತಾಡಲು ಬಲ ಬರುತ್ತದೆ.

ಔಷಧಿ ಹೊಡೆಯುವ ದಿನ ಐದು ದಿನದ ಮುನ್ಸೂಚನೆ ಸಾಲದು. ಮುಂದಿನ ಮೂರು ಗಂಟೆಗೆ ಅಂತ ಕೊಡುವ ತುರ್ತು ಮುನ್ಸೂಚನೆ ನೋಡಿ ಪಂಪ್ ಹೊರುತ್ತೇನೆ. ಗುಡುಗಿನ ಕಾಲದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ (ಐಐಟಿಎಂ) ದಾಮಿನಿ ಆ್ಯಪ್ ಎಲ್ಲರ ಫೋನಿನಲ್ಲೂ ಇರಬೇಕು. ನಾವಿರುವ ಜಾಗದಿಂದ 20, 40 ಕಿ.ಮೀ. ಒಳಗೆ ಸಿಡಿಲು ಬೀಳುತ್ತಿದ್ದರೆ ತೋರಿಸುತ್ತದೆ. ಅದು ಎಚ್ಚರಿಸಿದ ಕೂಡಲೇ ಎತ್ತಿನ ಕೊರಳು ಬಿಚ್ಚಿ ಮನೆ ಕಡೆ ಹೊರಡಬೇಕು. ಹೊಲದಲ್ಲಿ ಒಂಟಿ ಬೇವಿನ ಮರ ಇದೆ ಅಂತ ಅದರ ಕೆಳಗೆ ನಿಲ್ಲಬೇಡಿ. ದಯವಿಟ್ಟು ನಿಲ್ಲಬೇಡಿ.

ಹಿರಿಯರ ಮಳೆ ನಕ್ಷತ್ರಗಳನ್ನು ನಾನು ಬಿಟ್ಟಿಲ್ಲ. ನನ್ನ ಮಳೆ ವಹಿಯಲ್ಲಿ ತಾರೀಖಿನ ಪಕ್ಕ ನಕ್ಷತ್ರವನ್ನೂ ಬರೆಯುತ್ತೇನೆ. ಹೆಚ್ಚುಕಡಿಮೆ ಎರಡು ವಾರಕ್ಕೊಂದು ನಕ್ಷತ್ರ ಬರುವುದರಿಂದ ವರ್ಷದಿಂದ ವರ್ಷಕ್ಕೆ ಹೋಲಿಸಲು ಸುಲಭ. ಊರಲ್ಲಿ ಯಾರಿಗಾದರೂ ‘ಜುಲೈ 20ರ ಸುಮಾರಿಗೆ’ ಅಂದರೆ ನೆನಪಾಗುವುದಿಲ್ಲ, ‘ಪುಷ್ಯ ಹೊಕ್ಕಾಗ’ ಅಂದರೆ ತಕ್ಷಣ ಹೇಳುತ್ತಾರೆ. ಈ ಮಳೆ ಸಾಮಾನ್ಯವಾಗಿ ಹೇಗೆ ಅನ್ನುವುದಕ್ಕೆ ಆ ತಿಳಿವಳಿಕೆ ಬೇಕು. ಈ ವರ್ಷ ಬರುತ್ತದೋ ಇಲ್ಲವೋ ಅನ್ನುವುದಕ್ಕೆ ಉಪಗ್ರಹದ ಚಿತ್ರ ಬೇಕು.

ಏಪ್ರಿಲ್‌ನಲ್ಲಿ ಬರುವ ಇಡೀ ಮುಂಗಾರಿನ ಮುನ್ಸೂಚನೆಯನ್ನು ಮಾತ್ರ ತುಂಬ ಎಚ್ಚರದಿಂದ ಓದಬೇಕು. 2023ನ್ನೇ ನೋಡಿ. ದೇಶಕ್ಕೆ ವಾಡಿಕೆಯ ನೂರಕ್ಕೆ 96ರಷ್ಟು ಮಳೆ ಅಂದಿದ್ದರು, 94ರಷ್ಟು ಬಂತು. ಅಂಕಿಯಲ್ಲಿ ದೊಡ್ಡ ತಪ್ಪೇನಿಲ್ಲ. ಆದರೆ ಎಲ್ ನಿನೊ ವರ್ಷ ಅದು, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರು ಸಾಮಾನ್ಯವಾಗಿ ಸೊರಗುವ ವರ್ಷ. ಆ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ದೇಶದ ಸರಾಸರಿಯಿಂದ ರೋಣದ ಹೊಲಕ್ಕೆ ಬಿತ್ತಿಗೆ ದಿನ ಹೇಳಲು ಆಗುವುದಿಲ್ಲ. ನಾನು ಅದರಿಂದ ತೆಗೆದುಕೊಳ್ಳುವುದು ಇಷ್ಟೇ: ಎಲ್ ನಿನೊ ಸುಳಿವಿದ್ದರೆ ಉಳ್ಳಾಗಡ್ಡಿ ಎಕರೆ ಕಡಿಮೆ ಮಾಡುತ್ತೇನೆ, ಕೃಷಿಹೊಂಡದ ಹೂಳು ಮೇ ತಿಂಗಳಲ್ಲೇ ತೆಗೆಸುತ್ತೇನೆ, ಕಡಲೆಗೆ ಹಸಿ ಉಳಿಯಲಿ ಅಂತ ಹೆಸರು ತೆಗೆದ ಕೂಡಲೇ ಹೊಲ ಹರಗುತ್ತೇನೆ.

ಸಲಹೆ ಬರೆಯುವವರಲ್ಲಿ ನನ್ನದೊಂದು ಕೇಳಿಕೆ ಇದೆ. ‘ಉತ್ತಮ ಮಳೆಯಾದಲ್ಲಿ ಬಿತ್ತನೆ ಕೈಗೊಳ್ಳಿ’ ಅಂತ ಒಂದೇ ಸಾಲು ಬರೆದರೆ ನಮಗೆ ಸಾಲದು. ಮಸಾರಿ ಬೇಗ ಹದಕ್ಕೆ ಬರುತ್ತದೆ, ಬೇಗ ಆರುತ್ತದೆ. ಎರೆ ನಿಧಾನ, ಆದರೆ ಹಿಡಿದುಕೊಳ್ಳುತ್ತದೆ. ಒಂದೇ ಊರಲ್ಲಿ ಎರಡೂ ಇವೆ. ಎರೆಗೆ ಇಷ್ಟು ಮಿ.ಮೀ., ಮಸಾರಿಗೆ ಇಷ್ಟು ಮಿ.ಮೀ. ಆದ ಮೇಲೆ ಬಿತ್ತಿ ಅಂತ ಬೇರೆ ಬೇರೆ ಬರೆದುಕೊಡಿ. ಬಿದ್ದದ್ದನ್ನು ಅಳೆಯಲು ನಮ್ಮ ಹೊಲದಲ್ಲಿ ಬಾಟಲಿ ಇದೆ.